ಗಾಜಿನ ಮೇಲೆ ಒಂದು ಗೇಣು

ಸಾಸಿವೆಯ ವಾಸನೆ, ಜೊತೆಗೆ ಸುಟ್ಟ ಸಾಸೇಜಿನದು, ಅದೂ ಈಗ, ಬೆನ್ನ ಹಿಂದೆ ಯಾರೋ ಬ್ರೆಡ್ಡಿನಲ್ಲಿ ಒರೆಸಿಕೊಂಡು ತಿನ್ನುತ್ತಿದ್ದಾನೆ, ಊರು ಮುಳುಗುತ್ತಿದ್ದರೂ ಇವನಿಗೆ ಹಸಿವು — ತಿನ್ನಲಿ, ಟಿಕೆಟ್ ತಗೊಂಡು ಬಂದವನು — ಒತಾಕರ್ ವ್ರಾನಾ ದಂಡದ ಬೆಂಚಿನ ಮೇಲೆ ಕೂತು ತಲೆಯೆತ್ತಿ ಗಡಿಯಾರ ನೋಡಿದ, ಒಂದು ನಿಮಿಷ ಐವತ್ತೆರಡು, ಎರಡು ನಿಮಿಷದ ಶಿಕ್ಷೆಯಲ್ಲಿ ಕರಗಿದ್ದು ಬರೀ ಎಂಟು ಸೆಕೆಂಡು, ಐಸ್ ಹಾಕಿ ಸರಣಿಯ ಏಳನೆಯ ಪಂದ್ಯ, ಗೋಲು ಎರಡು-ಎರಡು, ಹೆಚ್ಚುವರಿ ಆಟ, ಇನ್ನು ಯಾರು ಮೊದಲು ಹೊಡೆದರೂ ಅಲ್ಲಿಗೆ ಮುಗಿಯಿತು, ಸೋತವರು ಕೆಳಗಿನ ಲೀಗಿಗೆ, ಮತ್ತು ಅವನ ಕಣ್ಣಲ್ಲಿ ಬಿಲ್ಲೆ ಇನ್ನೂ ಮೇಲಕ್ಕೆ ಹೋಗುತ್ತಿದೆ, ಕರಿಯ ರಬ್ಬರ್ ಬಿಲ್ಲೆ, ದೀಪದ ಬೆಳಕಿನಲ್ಲಿ ಒಂದು ಸಲ ಮಗುಚಿ, ಮೈದಾನದ ಸುತ್ತಣ ಗಾಜಿನ ಗೋಡೆಯ ಅಂಚಿಗಿಂತ ಒಂದು ಗೇಣು ಮೇಲೆ, ಒಂದೇ ಗೇಣು. ತನ್ನ ಗೋಲಿನ ಬಳಿಯಿಂದ ಹೊಡೆದ ಬಿಲ್ಲೆ ಗಾಜು ದಾಟಿ ಜನರ ನಡುವೆ ಬಿದ್ದರೆ ಎರಡು ನಿಮಿಷ ಹೊರಗೆ, ಆರು ವರ್ಷದ ಮಕ್ಕಳಿಗೂ ಗೊತ್ತಿರುವ ನಿಯಮ, ಮೂವತ್ತೇಳು ವರ್ಷದ ಕತ್ತೆಗೆ ಗೊತ್ತಿರಲಿಲ್ಲವೆ. ನೀರು ಕುಡಿ ಒತಾ, ಎಂದರು ಲುಬೋಷ್ ಮೇಷ್ಟ್ರು, ಶಾಲೆಯಲ್ಲಿ ಭೂಗೋಳ ಹೇಳಿಕೊಟ್ಟವರು, ಇಪ್ಪತ್ತು ವರ್ಷದಿಂದ ಈ ದಂಡದ ಬೆಂಚಿನ ಬಾಗಿಲು ಕಾಯುವವರು. ಬೇಡ ಮೇಷ್ಟ್ರೇ. ಕುಡಿಯೋ, ತುಟಿ ಒಣಗಿದೆ. ಅವನು ಬಾಟಲಿ ತೆಗೆದುಕೊಂಡ, ಕುಡಿಯಲಿಲ್ಲ.

ಒಂದು ಮೂವತ್ತೊಂದು, ನಮ್ಮವರು ನಾಲ್ವರು, ಅವರು ಐವರು, ಅವನ ಜಾಗ ಖಾಲಿ ಬಿದ್ದಿದೆ, ಬಾಯಲ್ಲಿ ಕಿತ್ತ ಹಲ್ಲಿನ ಜಾಗದ ಹಾಗೆ ನಾಲಿಗೆ ಅಲ್ಲಿಗೇ ಹೋಗುತ್ತದೆ, ಹೋಗೋ ತಾತ, ಪೆನ್ಶನ್ ತಗೊಂಡು ಮೀನು ಹಿಡಿ ಹೋಗು, ಅದು ನಮ್ಮ ಕಡೆಯ ಗ್ಯಾಲರಿಯಿಂದಲೇ ಬಂದ ಕೂಗು, ಎದುರಾಳಿಯದಾಗಿದ್ದರೆ ಸುಮ್ಮನಿರಬಹುದಿತ್ತು. ಗುರುವಾರ ಕಾರಿಡಾರಿನಲ್ಲಿ ಮ್ಯಾನೇಜರ್ ಗೋಡೆ ನೋಡಿಕೊಂಡು ಅಂದಿದ್ದ, ಈ ಲೀಗಲ್ಲಿ ಉಳ್ಕೊಂಡ್ರೆ ಇನ್ನೊಂದು ಸೀಸನ್ ನಿಂದು ಒತಾ, ಇಳಿದ್ರೆ — ನೋಡು, ನಿನಗೇ ಗೊತ್ತಲ್ಲ. ಗೊತ್ತು. ಒಂದೇ ಒಂದು ಸೀಸನ್, ಅಷ್ಟೇ ಕೇಳಿದ್ದು, ಊರ ಜನರ ಮುಂದೆ ಆಡಿ, ಚಪ್ಪಾಳೆ ಹೊಡೆಸಿಕೊಂಡು, ತಾನಾಗಿಯೇ ಸ್ಕೇಟು ಬಿಚ್ಚುವುದು. ರಾದ್ಮಿಲಾ ಅಂದಳು, ಮೆಟ್ಟಿಲು ಇಳಿಯೋವಾಗ ಕಂಬಿ ಹಿಡ್ಕೊಳ್ಳೋನಿಗೆ ಯಾತಕ್ಕಪ್ಪಾ ಇನ್ನೊಂದು ಸೀಸನ್, ಗಂಡನ ಮಂಡಿಯ ಮೇಲೆ ಹೆಂಡತಿಗೂ ಹಕ್ಕಿದೆ. ಈಗ ಎಲ್ಲೋ ಮೇಲೆ ಕೂತಿದ್ದಾಳೆ, ಕೈಯಿಂದ ಮುಖ ಮುಚ್ಚಿಕೊಂಡಿರುತ್ತಾಳೆ, ಅವಳಿಗೆ ನೋಡಲು ಆಗುವುದಿಲ್ಲ, ಅವನಿಗೂ.

ಗಾಜಿಗೆ ಹೊಡಿಯೋ, ಗಾಜಿಗೆ — ಬಿಲ್ಲೆ ಗಾಜು ದಾಟಿದ ಆ ಮೂಲೆಯಲ್ಲೇ ಅಪ್ಪ ನಿಲ್ಲುತ್ತಿದ್ದ, ರೈಲು ಡಬ್ಬಿ ಕಾರ್ಖಾನೆಯ ಪಾಳಿ ಮುಗಿಸಿ, ಉಗುರಿನಲ್ಲಿ ಎಣ್ಣೆ, ಚಪ್ಪಾಳೆ ಎಂದೂ ಇಲ್ಲ, ಅನುಮಾನ ಬಂತೋ ಗಾಜಿಗೆ ಬಾರ್ಸು, ಗಾಜಿಗೆ ತಾಗಿ ನಮ್ಮ ಗೋಲಿಂದ ದೂರ ಹೋಗತ್ತೆ, ಗಾಜು ಯಾರಿಗೂ ಮೋಸ ಮಾಡಲ್ಲ. ಹದಿನಾರನೆಯ ವಯಸ್ಸಿಗೆ ಒಮ್ಮೆ, ಒಮ್ಮೆ ಮಾತ್ರ, ಅವನು ಬಿಲ್ಲೆ ತೆಗೆದುಕೊಂಡು ನಡುವಿನಲ್ಲೇ ಹೊರಟಿದ್ದ, ಒಬ್ಬ, ಇನ್ನೊಬ್ಬ, ಮೂರನೆಯವನು ಎಲ್ಲರೂ ಹಿಂದೆ ಬಿದ್ದರು, ಕಿವಿಯಲ್ಲಿ ಗಾಳಿ, ಗೋಲು — ಮತ್ತು ಕೋಚ್ ಮುಂದಿನ ಮೂರು ಪಂದ್ಯ ಬೆಂಚಿಗೆ ಹಾಕಿದ, ನೀನು ಕಲಾವಿದ ಅಲ್ಲ ಕಣಪ್ಪ, ನೀನು ಬಾಗಿಲು, ಮುಚ್ಚಿರೋದೇ ನಿನ್ನ ಕೆಲಸ. ಸರಿ, ಮುಚ್ಚಿದ. ಇಪ್ಪತ್ತೆರಡಕ್ಕೆ ಅಮೆರಿಕದಲ್ಲಿ, ಎರಡನೆಯ ದರ್ಜೆಯ ತಂಡದಲ್ಲಿ ಎರಡು ಚಳಿಗಾಲ ಬಸ್ಸಿನಲ್ಲೇ ನಿದ್ದೆ, ದೊಡ್ಡ ಲೀಗಿನಲ್ಲಿ ಒಂದು ಪಂದ್ಯ, ನಾಲ್ಕು ನಿಮಿಷ ಹನ್ನೊಂದು ಸೆಕೆಂಡು, ಅಪ್ಪನಿಗೆ ಫೋನು, ಹೇಗಾಡಿದೆ, ಗಾಜಿಗೆ ಹೊಡೆದೆ ಅಪ್ಪ, ಒಳ್ಳೇದು. ಅಷ್ಟೇ. ಆಮೇಲೆ ಫಿನ್ಲೆಂಡು, ಸ್ಲೋವಾಕಿಯಾ, ಮುರಿದ ದವಡೆ, ಎರಡು ಸಲ ಮಂಡಿ, ಮತ್ತೆ ಊರು, ಹದಿನೆಂಟು ವರ್ಷದಲ್ಲಿ ಇಪ್ಪತ್ತಾರು ಗೋಲು, ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ್ದು ಇನ್ನೇನು, ಯಾರ ನೆನಪಿನಲ್ಲೂ ಇಲ್ಲದ ಸಾವಿರ ಸಲ ಗಾಜು. ಅಪ್ಪ ಹೋಗಿ ಮೂರು ಚಳಿಗಾಲವಾಯಿತು, ಆ ಮೂಲೆಯಲ್ಲಿ ಈಗ ಕೆಂಪು ಟೋಪಿಯ ಹೆಂಗಸೊಬ್ಬಳು ನಿಲ್ಲುತ್ತಾಳೆ, ಬಿಲ್ಲೆ ಬಿದ್ದದ್ದು ಅವಳ ಕೈಗೇ.

ಐವತ್ತೆಂಟು, ನಮ್ಮ ಗೋಲ್‌ಕೀಪರ್ ತಡೆದ, ಎದೆಗೆ ತಾಗಿತು, ಎಳೀರೋ ಆಚೆಗೆ, ಎಳೀರಿ, ಒತಾ ಗಾಜಿಗೆ ಗುದ್ದಿದ, ಮೇಷ್ಟ್ರು ಭುಜ ಹಿಡಿದರು — ಆ ಬಿಲ್ಲೆ ಹೊಡೆಯುವಾಗ ಹಾದಿ ತೆರೆದಿತ್ತು, ಇದನ್ನು ಯಾರಿಗೂ ಹೇಳುವ ಹಾಗಿಲ್ಲ, ತಮ್ಮ ತಂಡದ ಕ್ರಿಷ್ಟೋಫ್ ನಟ್ಟನಡುವೆ ಒಬ್ಬನೇ ನಿಂತು ಕೋಲಿನಿಂದ ಮಂಜುಗಡ್ಡೆಯ ನೆಲ ಬಡಿಯುತ್ತಿದ್ದ, ಒತಾ, ಇಲ್ಲಿ, ಕೊಡೋ, ಸುತ್ತ ನರಪಿಳ್ಳೆ ಇಲ್ಲ, ಒಂದು ತಳ್ಳು ಸಾಕಿತ್ತು, ಅವನು ನೋಡಿದ, ಚೆನ್ನಾಗಿಯೇ ನೋಡಿದ, ಕೈ ಮಾತ್ರ ಗಾಜಿನ ಕಡೆ ತಿರುಗಿತು, ಕೈಗೆ ಬೇರೆ ಏನೂ ಬರುವುದಿಲ್ಲ, ಕೈಯನ್ನು ಹಾಗೆ ಸಾಕಿದ್ದಾರೆ. ಅಪ್ಪಾ, ಮೋಸ ಮಾಡಲ್ಲ ಅಂದಿದ್ದೆಯಲ್ಲ. ಸಿಟ್ಟು ಅಪ್ಪನ ಮೇಲೋ, ಕೋಚಿನ ಮೇಲೋ, ಬಾಗಿಲು ಅಂದಾಗ ತಲೆಯಾಡಿಸಿದ ಹುಡುಗನ ಮೇಲೋ, ಗೊತ್ತಾಗಲಿಲ್ಲ, ಮೂವರ ಮೇಲೂ ಇರಲಿ. ಇಪ್ಪತ್ತು, ಹದಿನೆಂಟು, ತಡೀರಿ, ಇನ್ನು ಸ್ವಲ್ಪ, ಹೊರಗೆ ಬಂದರೆ ನಡುವೆಯೇ ಹೋಗುತ್ತೇನೆ, ದೇವರಾಣೆ, ಗಾಜಿನ ಕಡೆ ತಿರುಗಿಯೂ ನೋಡುವುದಿಲ್ಲ, ಹದಿಮೂರು, ಅವರ ಉದ್ದನೆಯವನು ಕೋಲೆತ್ತಿದ, ಆ ಖಾಲಿ ಜಾಗದಿಂದ, ಅವನದೇ ಜಾಗದಿಂದ —

ಹನ್ನೊಂದರಲ್ಲಿ ಗಡಿಯಾರ ನಿಂತಿತು. ಗ್ಯಾಲರಿಯ ನಗಾರಿ ನಿಂತಿತು, ಬೆನ್ನ ಹಿಂದಿನವನ ಅಗಿತವೂ ನಿಂತಿತು, ಆ ಮೂಲೆಯಲ್ಲಿ ಎದುರಾಳಿಯ ಬಿಳಿ ಅಂಗಿಯವರು ಒಬ್ಬರ ಮೇಲೊಬ್ಬರು ಬೀಳುತ್ತಿದ್ದಾರೆ, ಕ್ರಿಷ್ಟೋಫ್ ಮಂಡಿಯೂರಿದ್ದಾನೆ. ಎದುರಾಳಿ ಗೋಲು ಹೊಡೆದರೆ ಶಿಕ್ಷೆ ಅಲ್ಲಿಗೇ ಮುಗಿಯುತ್ತದೆ, ಅದೂ ನಿಯಮವೇ, ಲುಬೋಷ್ ಮೇಷ್ಟ್ರು ಚಿಲಕ ತೆಗೆದು ಬಾಗಿಲು ಪೂರ್ತಿ ತೆರೆದರು, ಹೋಗಪ್ಪ ಒತಾ, ಸಾಲು ನಿಲ್ತಿದಾರೆ, ಕೈ ಕುಲುಕಬೇಕಲ್ಲ. ಹೂಂ ಮೇಷ್ಟ್ರೇ. ಅವನು ಎದ್ದ, ಮಂಡಿ ಕಟಕ್ ಎಂದಿತು, ಎದುರಿಗೆ ಮಂಜುಗಡ್ಡೆ ನಡುವಿನುದ್ದಕ್ಕೂ ಖಾಲಿ, ತಡೆಯುವವರು ಯಾರೂ ಇಲ್ಲ, ಈಗ ಹೋಗಬಹುದು, ಹೋಗು, ಕಾಲು ಹೊಸಿಲಿನಲ್ಲೇ, ಕಣ್ಣು ಮೂಲೆಯ ಗಾಜಿನ ಮೇಲೆ, ಅಲ್ಲಿ ಬಿಲ್ಲೆ ಇನ್ನೂ ಮೇಲಿದೆ, ಕರಿಯದು, ಒಂದು ಸಲ ಮಗುಚಿ, ಅಂಚಿಗಿಂತ ಒಂದು ಗೇಣು, ಬೀಳುತ್ತಿಲ್ಲ, ಒಂದು ಗೇಣು