ಕೆನ್ನೆ ಕೊಡುವುದಿಲ್ಲ

ತನ್ನ ತುತ್ತೂರಿಯನ್ನು ತಾನೇ ಊದಿಕೊಳ್ಳಬಾರದು ಎನ್ನುತ್ತಾರೆ. ನಾನು ಹದಿನೇಳು ವರ್ಷ ಬ್ಯಾಂಡಿನಲ್ಲಿ ಅದನ್ನು ಊದಿಯೇ ಹೊಟ್ಟೆ ಹೊರೆದವಳು. ನನ್ನ ಬಲಗಡೆಯ ಕಿಡ್ನಿಯಿಂದ ಮೂತ್ರ ಇಳಿಯುವ ನಳಿಕೆ ಕಲ್ಲು ತೆಗೆದ ಗಾಯದಿಂದ ಕಟ್ಟಿಕೊಂಡಿತ್ತು. ಅದಕ್ಕೆ ಡಾಕ್ಟರಮ್ಮ ಹೇಳಿದ ರಿಪೇರಿ ಕೇಳಿ ಮೈಯೆಲ್ಲ ಉರಿಯಿತು. ಕೆನ್ನೆಯ ಒಳಪದರದಿಂದ ಒಂದು ತುಂಡು ಕತ್ತರಿಸಿ ನಳಿಕೆಗೆ ತೇಪೆ ಹಾಕುತ್ತಾರಂತೆ. ಆಮೇಲೆ ಕೆನ್ನೆ ಬಿಗಿಯಾಗುತ್ತದೆಯೇ ಎಂದು ಕೇಳಿದೆ. ಕೆಲವರಿಗೆ ಆಗುತ್ತದೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು.

"ಹಾಗಾದ್ರೆ ಕೆನ್ನೆ ಕೊಡಲ್ಲ," ಎಂದೆ.

ಬೆನ್ನಿಗೆ ತೂತು ಹಾಕಿ ಇಳಿಬಿಟ್ಟ ನನ್ನ ಮೂತ್ರದ ಚೀಲವನ್ನು ನಾಲ್ಕು ತಿಂಗಳಿಂದ ದಿನವೂ ಖಾಲಿ ಮಾಡುತ್ತಿದ್ದವನು ಅಣ್ಣ. ಮೂಗಿಗಿಂತ ಮೂಗುತಿ ಭಾರ ಎಂದು ಗೊಣಗಿದ. ಮೂಗೂ ನನ್ನದು, ಮೂಗುತಿಯೂ ನನ್ನದು ಎಂದು ನಾನೂ ಬಿಡಲಿಲ್ಲ.

ಡಾಕ್ಟರಮ್ಮ ಸಿಟ್ಟಾಗದೆ, ಅಪೆಂಡಿಕ್ಸ್ ಹಾಗೇ ಇದೆಯೇ ಎಂದು ವಿಚಾರಿಸಿದರು. ಇತ್ತು. ಅದೂ ಬಲಗಡೆಯದೇ ಆದ್ದರಿಂದ ಸೀಳಿ ತೇಪೆಗೆ ಬಳಸಬಹುದಂತೆ. ಅವರು ಆಪರೇಷನ್ ಕೋಣೆಯ ಮೂಲೆಯಲ್ಲಿ ಕೂತು ಯಂತ್ರದೊಳಗೆ ಮುಖವಿಟ್ಟು ಬೆರಳಾಡಿಸಿದರೆ, ರೋಬೋಟಿನ ಕೈಗಳು ನನ್ನ ಹೊಟ್ಟೆಯೊಳಗೆ ಹೊಲಿಯುತ್ತವೆ. ಆದರೆ ಅಪೆಂಡಿಕ್ಸ್ ಸಾಲುತ್ತದೋ ಇಲ್ಲವೋ ಒಳಗೆ ಹೋಗಿ ನೋಡಿದ ಮೇಲೆಯೇ ಗೊತ್ತಾಗುವುದು. ಒಪ್ಪಿಗೆ ಪತ್ರದಲ್ಲಿ, ಸಾಲದಿದ್ದರೆ ಕೆನ್ನೆ ಎಂದು ಬರೆದಿತ್ತು. ಆ ಸಾಲನ್ನು ಹೊಡೆದುಹಾಕಿ ಪಕ್ಕದಲ್ಲೇ ಸಹಿ ಮಾಡಿದೆ.

"ಅದು ಸಾಲದಿದ್ರೆ ಕಿಡ್ನಿನೇ ತೆಗೀಬೇಕಾಗುತ್ತೆ," ಎಂದರು ಡಾಕ್ಟರಮ್ಮ.

"ತೆಗೀರಿ. ಇನ್ನೊಂದಿದೆ."

"ಕೆನ್ನೆನೂ ಎರಡಿದೆ ಕಣೇ," ಎಂದ ಅಣ್ಣ.

"ಒಂದು ಕಿಡ್ನೀಲಿ ಬದುಕಬಹುದು. ಒಂದು ಕೆನ್ನೇಲಿ ತುತ್ತೂರಿ ಊದಿ ತೋರಿಸು ನೋಡೋಣ."

ಆ ರಾತ್ರಿ ಅಣ್ಣ ಊಟವನ್ನೇ ಮಾಡಲಿಲ್ಲವೆಂದು ಆಮೇಲೆ ಅತ್ತಿಗೆ ಹೇಳಿದಳು.

ಆಪರೇಷನ್ ಮುಗಿದು ಎಚ್ಚರವಾದಾಗ ಗಂಟಲು ಒಣಗಿತ್ತು, ಹೊಟ್ಟೆಯ ಮೇಲೆ ಐದು ಪುಟ್ಟ ಪಟ್ಟಿಗಳಿದ್ದವು. ಮೊದಲು ನಾಲಿಗೆಯಿಂದ ಎರಡೂ ಕೆನ್ನೆಯ ಒಳಭಾಗ ಸವರಿದೆ. ನುಣ್ಣಗಿತ್ತು, ಹೊಲಿಗೆಯಿರಲಿಲ್ಲ. ಮರುಕ್ಷಣವೇ ಹೊಳೆಯಿತು. ಹಾಗಾದರೆ ಒಂದೋ ಅಪೆಂಡಿಕ್ಸ್ ಸಾಕಾಗಿದೆ, ಇಲ್ಲವೇ ಕಿಡ್ನಿ ಹೋಗಿದೆ. ಭಯವಾಯಿತು, ಸುಳ್ಳೇಕೆ ಹೇಳಲಿ. ಆದರೂ ಪೆನ್ನು ಕೊಟ್ಟಿದ್ದರೆ ಆ ಸಾಲನ್ನು ಮತ್ತೆ ಹೊಡೆದುಹಾಕುತ್ತಿದ್ದೆ.

ಅಣ್ಣ ಮಂಚದ ಕಂಬಿ ಹಿಡಿದು ನಿಂತಿದ್ದ. ಕಣ್ಣು ಕೆಂಪಾಗಿತ್ತು.

"ಕೆಲಸಕ್ಕೆ ಬಾರದ್ದು ಅಂತಾರಲ್ಲ, ಆ ಅಪೆಂಡಿಕ್ಸೇ ಸಾಕಾಯ್ತು. ಕಿಡ್ನಿ ಉಳೀತು," ಎಂದ. "ನಿನ್ನ ಹಟಕ್ಕೆ ಬೆಂಕಿ ಹಾಕ."

ಎರಡೂ ಕೆನ್ನೆ ತುಂಬ ಉಬ್ಬಿಸಿ ಅವನ ಮುಖಕ್ಕೆ ಊದಿದೆ.