ಸ್ಯಾಮ್ಯುಯೆಲ್ ಬೋಮಂಟನ ಕುದುರೆ

ಡಾ. ರಿಚರ್ಡ್ ಬೋಮಂಟ್ ನನ್ನ ಗುರುತು ಹಿಡಿಯಲಿಲ್ಲ. ಅವನ ಕ್ಲಿನಿಕ್ಕಿನಲ್ಲಿ ನಾಲ್ಕು ವರ್ಷ ದುಡಿದ ಡಾ. ಪ್ರಭಾಕರನ ಹೆಂಡತಿ ನಾನು. ಒಂದು ಕ್ರಿಸ್‌ಮಸ್ ಊಟದಲ್ಲಿ ಅವನ ಎದುರಿಗೇ ಕೂತಿದ್ದೆ. ಅವನ ಪಾಲಿಗೆ ನಾನು ‘ಮಿಸೆಸ್ ಪ್ರಭಾಕರ್’. ಅವನ ಹೆಂಡತಿ ಹೆದರ್, ವಂಶಚರಿತ್ರೆ ಹುಡುಕಿಕೊಡುವ ಯಾಮಿನಿ ದೇಸಾಯಿ ಎಂಬವಳಿಗೆ, ಅಂದರೆ ನನಗೆ, ಕೆಲಸ ಒಪ್ಪಿಸಿದಾಗ ಆ ಹೆಸರು ಅವನಿಗೆ ಏನನ್ನೂ ಹೇಳಲಿಲ್ಲ. ಮದುವೆಯಾದ ಹೆಂಗಸು ತವರಿನ ಹೆಸರಿನಲ್ಲೇ ಇರಬಹುದೆಂದು ಅವನು ಯೋಚಿಸಿರಲಿಕ್ಕಿಲ್ಲ. ನಾನೂ ತಿಳಿಸಲಿಲ್ಲ.

ಅವನ ಹುಟ್ಟುಹಬ್ಬಕ್ಕೆ ಒಂದು ಪುಸ್ತಕ ಆಗಬೇಕಿತ್ತು. ಅವನ ಪೂರ್ವಜ ಸ್ಯಾಮ್ಯುಯೆಲ್ ಹಡರ್ಸ್‌ಫೀಲ್ಡಿನ ನೇಕಾರನೊಬ್ಬನ ಮಗ. ೧೮೩೯ರಲ್ಲಿ ಆಸ್ಟ್ರೇಲಿಯಾದ ಹಡಗು ಹತ್ತಿದ, ಅಲ್ಲಿ ಕುರಿ ಸಾಕಿ ಶ್ರೀಮಂತನಾದ, ಮರಳಿ ಬಂದು ಗುಡ್ಡದ ಮೇಲಿನ ಕಲ್ಲುಮನೆ ಕೊಂಡ. ಬೋಮಂಟ್ ದಂಪತಿ ಇಂದಿಗೂ ಅದೇ ಮನೆಯಲ್ಲಿದ್ದಾರೆ.

"ಬೇಡ ಯಾಮಿನಿ," ಎಂದ ಪ್ರಭಾಕರ. "ಅವನ ಮನೆತನದ ಧೂಳು ನಾವ್ಯಾಕೆ ಒರೆಸ್ಬೇಕು?"

"ಒರೆಸೋಕಲ್ಲ. ಎಬ್ಬಿಸೋಕೆ."

"ಒಳ್ಳೇ ಸಿಐಡಿ ಸಿಕ್ಕಿದಾಳಪ್ಪ ನಂಗೆ," ಎಂದು ನಕ್ಕ. ಅವನು ನಕ್ಕು ಬಹಳ ದಿನವಾಗಿತ್ತು.

ಕಳೆದ ಬೇಸಿಗೆಯ ಒಂದು ಶುಕ್ರವಾರದ ಡ್ಯೂಟಿ ರೋಟಾದಲ್ಲಿ, ಅಂದರೆ ಪಾಳಿಪಟ್ಟಿಯಲ್ಲಿ, ಪ್ರಭಾಕರನ ಹೆಸರಿನಲ್ಲಿತ್ತು. ಹಿಂದಿನ ವಾರ ಬೋಮಂಟನ ಸರದಿಯನ್ನು ಇವನು ಮಾಡಿದ್ದರಿಂದ, ಈ ಸಲ ತಾನು ನೋಡಿಕೊಳ್ಳುತ್ತೇನೆಂದು ಬೋಮಂಟ್ ಕಾರಿಡಾರಿನಲ್ಲಿ ಹೇಳಿದ. ರೋಟಾವನ್ನು ಯಾರೂ ತಿದ್ದಲಿಲ್ಲ. ಅಲ್ಲಿ ಎಲ್ಲರೂ ಹೀಗೆ ಬಾಯಿಮಾತಿನಲ್ಲೇ ಅದಲುಬದಲು ಮಾಡಿಕೊಳ್ಳುತ್ತಿದ್ದರು. ಅಂದು ಸಂಜೆ ಒಬ್ಬ ವೃದ್ಧೆಯ ರಕ್ತಪರೀಕ್ಷೆಯ ಬಗ್ಗೆ ಲ್ಯಾಬಿನಿಂದ ತುರ್ತು ಕರೆ ಬಂತು. ಎತ್ತಿಕೊಳ್ಳಲು ಡಾಕ್ಟರ್ ಇರಲಿಲ್ಲ. ಮರುದಿನ ಆಕೆ ತೀರಿಕೊಂಡರು. ವಿಚಾರಣೆಯಲ್ಲಿ ಬೋಮಂಟ್ ಹೇಳಿದ್ದು ಇಷ್ಟೇ: "ರೋಟಾ ನೋಡಿ."

ಪ್ರಭಾಕರನ ಕೆಲಸ ಹೋಯಿತು. ಈಗ ನಾಟಿಂಗ್‌ಹ್ಯಾಮಿನವರೆಗೆ ಕಾರು ಓಡಿಸಿಕೊಂಡು ಹೋಗಿ, ಯಾರೂ ಬಯಸದ ಪಾಳಿಗಳನ್ನು ಮಾಡಿ ಬರುತ್ತಾನೆ. ವೈದ್ಯಕೀಯ ಮಂಡಳಿಯ ಅಂತಿಮ ವಿಚಾರಣೆ ಮುಂದಿನ ತಿಂಗಳು. ಅದರಲ್ಲೂ ಸೋತರೆ ಅವನು ಡಾಕ್ಟರಾಗಿ ಉಳಿಯುವುದಿಲ್ಲ.

ನಾನು ಸ್ಯಾಮ್ಯುಯೆಲನ ಬೆನ್ನು ಹತ್ತಿದೆ. ಹಡಗಿನ ಪಟ್ಟಿ, ಹುಲ್ಲುಗಾವಲಿನ ಪರವಾನಗಿ, ಚರ್ಚಿನಲ್ಲಿ ಮದುವೆ, ಎಳೆಯ ಮಗುವಿನ ಸಮಾಧಿ. ಆಮೇಲೆ ಮ್ಯಾಜಿಸ್ಟ್ರೇಟರ ಮುಂದಿನ ಒಂದು ಹೇಳಿಕೆ ಸಿಕ್ಕಿತು. ಅವನ ಕುರಿದೊಡ್ಡಿಯ ಬಳಿ, ನೀರಿಗೆ ಬಂದಿದ್ದ ಆ ನೆಲದ ಮೂಲನಿವಾಸಿಗಳ ಮೇಲೆ ರಾತ್ರಿ ಗುಂಡು ಹಾರಿತ್ತು. ತಾನು ಆ ರಾತ್ರಿ ಪಟ್ಟಣದಲ್ಲಿದ್ದೆ, ದೊಡ್ಡಿ ಕುರುಬ ಥಾಮಸನ ವಶದಲ್ಲಿತ್ತು ಎಂದು ಸ್ಯಾಮ್ಯುಯೆಲ್ ಪ್ರಮಾಣ ಮಾಡಿದ್ದ. ಥಾಮಸ್ ಶಿಕ್ಷೆಗೊಳಗಾಗಿ ದ್ವೀಪವೊಂದರ ಜೈಲಿನಲ್ಲಿ ಸತ್ತ. ಗುಂಡಿಗೆ ಬಲಿಯಾದವರ ಹೆಸರು ಯಾವ ಕಾಗದದಲ್ಲೂ ಇಲ್ಲ. ಕಣ್ಣಾರೆ ಕಂಡ ಅವರ ಬಂಧುಗಳ ಸಾಕ್ಷಿಯನ್ನು ಅಂದಿನ ನ್ಯಾಯಾಲಯ ಕೇಳುತ್ತಲೂ ಇರಲಿಲ್ಲ.

ಕೋರ್ಟಿನ ಕಾಗದ ಸಿಕ್ಕಿದ ಮೇಲೆ ಅದೇ ವಾರದ ಪತ್ರಿಕೆಯ ಜಾಹೀರಾತುಗಳನ್ನು ಓದುವುದು ನನ್ನ ರೂಢಿ. ಕೋರ್ಟಿನಲ್ಲಿ ಜನ ಎಚ್ಚರದಿಂದ ಮಾತಾಡುತ್ತಾರೆ, ಜಾಹೀರಾತಿನಲ್ಲಿ ಅಷ್ಟು ಎಚ್ಚರ ಇರುವುದಿಲ್ಲ. ಸ್ಯಾಮ್ಯುಯೆಲ್ ಅಲ್ಲಿದ್ದ: ಅದೇ ರಾತ್ರಿ ಅದೇ ದೊಡ್ಡಿಯಲ್ಲಿ ತಾನು ಇಳಿದ ಕೂಡಲೇ ಗುಂಡಿನ ಸದ್ದಿಗೆ ಬೆದರಿ ಓಡಿಹೋದ ಕಂದು ಕುದುರೆಯನ್ನು ಹುಡುಕಿಕೊಟ್ಟವರಿಗೆ ಬಹುಮಾನ. ಕೆಳಗೆ ಅವನ ಹೆಸರು.

ಭಾನುವಾರ ಕಲ್ಲುಮನೆಗೆ ಹೋದೆ. ಹೆದರ್ ಟೀ ತಂದಳು. ಪುಸ್ತಕದ ಕೊನೆಗೆ ಮನೆಯವರ ಮಾತುಗಳನ್ನು ಅವರದೇ ದನಿಯಲ್ಲಿ ದಾಖಲಿಸುವ ಕ್ರಮವಿರುವುದರಿಂದ, ಇಬ್ಬರ ಒಪ್ಪಿಗೆ ಪಡೆದು ರೆಕಾರ್ಡರ್ ಹಚ್ಚಿದೆ. ಎಲ್ಲವನ್ನೂ ನಿಧಾನವಾಗಿ ಹೇಳಿದೆ. ಬೋಮಂಟನ ಮುಖ ಗಂಭೀರವಾಯಿತು. ಅವನಿಗೆ ಅದು ಒಪ್ಪುತ್ತಿತ್ತು.

"ಭಯಂಕರ," ಎಂದ. "ಆದರೆ ಮುಚ್ಚಿಡಬಾರದು, ಮೈ ಡಿಯರ್. ಎಲ್ಲವೂ ಪುಸ್ತಕದಲ್ಲಿ ಬರಲಿ. ಆ ಮನುಷ್ಯ ಹೇಡಿ."

"ಕಾಗದದಲ್ಲಿ ಕುರುಬನ ಹೆಸರೇ ಇತ್ತಲ್ಲ?"

"ಕಾಗದ ಬಿಡಿ! ನಿಜವಾಗಿ ಅಲ್ಲಿ ಯಾರಿದ್ದರು ಅನ್ನೋದು ಮುಖ್ಯ. ತನ್ನ ತಪ್ಪನ್ನ ಆಳಿನ ತಲೆಗೆ ಕಟ್ಟೋದು ಅಂದ್ರೆ..."

"ಹಾಗಾದರೆ ಕಳೆದ ಬೇಸಿಗೆಯ ಆ ಶುಕ್ರವಾರ ಡ್ಯೂಟಿಯಲ್ಲಿ ನಿಜವಾಗಿ ಯಾರಿದ್ದರು, ಡಾಕ್ಟರ್? ನಾನು ಪ್ರಭಾಕರನ ಹೆಂಡತಿ."

ಅವನು ಮೊದಲ ಬಾರಿಗೆ ನನ್ನ ಮುಖ ನೋಡಿದ.

"ಮಿಸೆಸ್ ಪ್ರಭಾಕರ್..."

"ದೇಸಾಯಿ."

"ಇದು ಮೋಸ. ನೀವು ನನ್ನ ಮನೆಯಲ್ಲಿ ಕೂತು..."

"ಯಾವ ಶುಕ್ರವಾರ?" ಹೆದರ್ ಕೇಳಿದಳು. ನಾನು ತಾರೀಖು ಹೇಳಿದೆ. ಅವಳು ಟೀಪಾಟನ್ನು ಮೆಲ್ಲಗೆ ಕೆಳಗಿಟ್ಟಳು. "ಅವತ್ತು ನನ್ನ ತಂಗಿಯ ಮನೆಯ ಊಟ. ನಾನೊಬ್ಬಳೇ ಹೋದೆ. ನೀನೇ ಡ್ಯೂಟಿ ಇದೆ ಅಂದೆ, ರಿಚರ್ಡ್. ಯಾರದೋ ಬದಲಿಗೆ ಮಾಡ್ತಿದೀನಿ ಅಂದೆ."

"ಅರ್ಧ ಗಂಟೆ ಹೊರಗೆ ಹೋಗಿದ್ದೆ ಅಷ್ಟೇ! ಅಷ್ಟರಲ್ಲೇ ಆ ಫೋನ್ ಬರುತ್ತೆ ಅಂತ ಯಾರಿಗೆ ಗೊತ್ತಿತ್ತು?"

ಹೇಳಿದ ಮೇಲೆ ಅವನಿಗೆ ತಾನು ಹೇಳಿದ್ದು ಕೇಳಿಸಿತು. ಕೈ ರೆಕಾರ್ಡರಿನ ಕಡೆ ಹೊರಟಿತು. ಅದಕ್ಕಿಂತ ಮೊದಲು ಹೆದರ್ ಅದನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

"ಪೂರ್ತಿ ಹೇಳು," ಎಂದಳು. "ಆ ಮುದುಕಿಯ ಅಂತ್ಯಕ್ರಿಯೆಗೆ ನನ್ನನ್ನೂ ಕರೆದುಕೊಂಡು ಹೋಗಿದ್ದೆಯಲ್ಲ. ಆಕೆಯ ಮಗನ ಕೈ ಹಿಡಿದುಕೊಂಡು ನೀನು ನಿಂತಿದ್ದೆ."

ಅವನು ಹೇಳತೊಡಗಿದ. ಮಧ್ಯೆ ಒಮ್ಮೆ ಅತ್ತ. ವಯಸ್ಸಾದ ಗಂಡಸು ಅಳುವುದನ್ನು ನೋಡಿದರೆ ನನಗೆ ಕರುಣೆ ಬಂದೀತೆಂದು ಆತಂಕವಿತ್ತು. ಕಾದು ನೋಡಿದೆ. ಬರಲಿಲ್ಲ. ಅವನು ತಡವರಿಸಿದ ಕಡೆಯಲ್ಲೆಲ್ಲ, "ಸ್ವಲ್ಪ ಜೋರಾಗಿ ಹೇಳಿ, ಡಾಕ್ಟರ್," ಎಂದೆ.