ಚಪ್ಪಲಿ ಮುಟ್ಟಿದ ಕೈ

ಮಾಗಿಯ ಚಳಿ, ಹೊತ್ತು ಆಗಷ್ಟೇ ಏರುತ್ತಿತ್ತು. ತೊಂಬತ್ತಾರನೇ ಇಸವಿ. ಏಕಸಂಬಿಯ ನಮ್ಮ ಬೆಲ್ಲದ ಗಾಣದ ಮುಂದೆ ಬಿಸಿಲಿಗೆ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದೆ. ದೀಪಾವಳಿಗೆ ಮೊದಲು ಲಕ್ವಾ ಹೊಡೆದು ಎಡಗೈ, ಎಡಗಾಲು ಸೋತಿದ್ದವು. ಬಲಗೈ ನೆಟ್ಟಗಿತ್ತು. ನನ್ನ ಪ್ರಾಯವೆಲ್ಲ ತಣ್ಣೀರಲ್ಲಿ ಅದ್ದಿ, ಕುದಿಯುವ ಪಾಕಕ್ಕೆ ಹಾಕಿ ಹದ ನೋಡಿದ ಕೈ ಅದು. ಆದರೂ ಮಗ ರಾವಸಾಹೇಬ ಕೊಪ್ಪರಿಗೆಯ ಹತ್ತಿರ ಬಿಡುತ್ತಿರಲಿಲ್ಲ.

"ತೋಲ ತಪ್ಪಿ ರಸದಾಗ ಬಿದ್ದಿ ಅಂದ್ರ? ಡಾಕ್ಟರು ಹೂಂ ಅನ್ಲಿ, ಆಮ್ಯಾಲೆ ಏರು."

ಹೂಂ ಅನ್ನಬೇಕಾದವಳು ಫಾತಿಮಾ, ವ್ಯಾಯಾಮದ ಡಾಕ್ಟರು. ಲಕ್ವಾ ಹೊಡೆದವರ ತೋಲ, ಅಂದರೆ ಮೈಯ ಸಮತೋಲ, ಅಳೆಯುವ ಇಂಗ್ಲಿಷ್ ಪರೀಕ್ಷೆಯೊಂದನ್ನು ಕನ್ನಡಕ್ಕೆ ತಂದಿದ್ದಳು. ಕನ್ನಡದಲ್ಲೂ ಅದು ಸರಿಯಾಗಿ ಅಳೆಯುತ್ತದೋ ಇಲ್ಲವೋ ನೋಡಲು ಊರೂರು ತಿರುಗುತ್ತಿದ್ದಳು.

ಕೈ ಊರದೆ ಎದ್ದೆ. ಕಣ್ಣು ಮುಚ್ಚಿ ನಿಂತೆ. ಆಮೇಲೆ ಅವಳು ನನ್ನ ಮುಂದೆ ಚಪ್ಪಲಿ ಇಟ್ಟಳು.

"ಅಜ್ಜಾರ, ಬಗ್ಗಿ ಇದನ್ನ ಎತ್ತಿ ಕೊಡ್ರಿ."

"ಆಗೂದಿಲ್ಲವಾ."

"ಬಗ್ಗಾಕ ಬರೂದಿಲ್ಲೇನ್ರಿ?"

"ಬಗ್ಗತೇನಿ. ಚಪ್ಪಲಿ ಮುಟ್ಟೂದಿಲ್ಲ."

ಒಲೆ ಪೂಜೆಯಿಂದ ಕಡೆಯ ಪಾಕ ಇಳಿಯುವ ತನಕ ಹದ ನೋಡುವ ಕೈ ಚಪ್ಪಲಿ ಮುಟ್ಟಬಾರದು. ಮುಟ್ಟಿದರೆ ಆ ಹಂಗಾಮು ಕೊಪ್ಪರಿಗೆ ಬಿಡಬೇಕು. ನಮ್ಮಪ್ಪ ಹಾಕಿಕೊಟ್ಟ ಕಟ್ಟು, ತೊಳೆದರೆ ಹೋಗುವಂಥದ್ದಲ್ಲ.

ಬಗ್ಗಿ ಒಂದು ಬೆಲ್ಲದ ಹೆಂಟೆ ಎತ್ತಿ ಅವಳ ಕೈಗಿಟ್ಟೆ. "ಇದನ್ನ ಬರ್ಕೊ."

"ಬರಂಗಿಲ್ರಿ. ಎಲ್ಲಾರಿಗೂ ಒಂದ ಮಾತು, ಒಂದ ವಸ್ತು. ನಿಮಗ ಬೆಲ್ಲ, ಮತ್ತೊಬ್ಬರಿಗೆ ತಂಬಿಗಿ ಅಂದ್ರ ಪರೀಕ್ಷಾನ ಕೆಟ್ಟು ಹೋಗತೈತಿ." ಹಣೆ ಒತ್ತಿಕೊಂಡಳು. "ಚಪ್ಪಲಿ ಅಂತ ಯಾಕ ಬರದ್ನೋ! ಐನಾಪುರದಾಗ ಒಬ್ಬಾಂವ, 'ಎತ್ತಿ ಯಾರಿಗೆ ಹೊಡೀಲಿ?' ಅಂದ."

ಸೊನ್ನೆ ಬರೆದಳು. ಒಟ್ಟು ಅಂಕ ಸಾಲಲಿಲ್ಲ. ಹೂಂ ಅನ್ನಲಿಲ್ಲ.

"ಎತ್ತಿಬಿಡಬೇಕಿತ್ತಪಾ!" ರಾವಸಾಹೇಬ ರೇಗಿದ. "ಬೆಲ್ಲಕ್ಕೇನ್ ಗೊತ್ತಾಗತೈತಿ?"

ನನ್ನ ಬದಲಿಗೆ ಬಂದಿದ್ದ ಧರೆಪ್ಪ ಕೊಪ್ಪರಿಗೆಯ ಬಳಿಯಿಂದ ಕೂಗಿದ: "ಎತ್ತಬ್ಯಾಡ ಮಾವಾ, ನನ್ನ ಕೂಳು ಕಳೀಬ್ಯಾಡ!"

ವಾರ ಬಿಟ್ಟು ಅದೇ ಪರೀಕ್ಷೆ ಇನ್ನೊಮ್ಮೆ ಇತ್ತು. ಆ ವಾರವೆಲ್ಲ ಧರೆಪ್ಪನ ಪಾಕ ಅಡಿ ಹತ್ತಿತು. ಸೀದ ವಾಸನೆ ಕುಡಿಯುತ್ತ ಕುರ್ಚಿಯಲ್ಲೇ ಕುಳಿತೆ. ಮಗ ಹೇಳಿದ್ದೇ ಸರಿಯಿರಬಹುದು, ಬೆಲ್ಲಕ್ಕೇನು ಗೊತ್ತು ಅನ್ನಿಸತೊಡಗಿತು. ಫಾತಿಮಾ ಬಂದು ಚಪ್ಪಲಿ ಇಟ್ಟದ್ದೇ ತಡ, ಬಗ್ಗಿ ಎತ್ತಿ ಕೊಟ್ಟೆ.

ಅವಳು ನಗಲಿಲ್ಲ.

"ಅಜ್ಜಾರ, ಏನ್ ಮಾಡಿದ್ರಿ? ಎರಡು ಸಲಾನೂ ಒಂದ ಬಂದ್ರ ಪರೀಕ್ಷಾ ಖರೇ. ಹೋದ ವಾರ ಸೊನ್ನಿ, ಈ ವಾರ ಪೂರಾ. ಯಾರು ನಂಬ್ತಾರ?"

"ನಿನಗ ಬೇಕಾಗಿದ್ದು ಇದ ಅಲ್ಲೇನವಾ?"

ಅವಳು ಪಟ್ಟಿಯಲ್ಲಿ ನನ್ನ ಹೆಸರಿನ ಮೇಲೆ ಗೀಟು ಎಳೆದಳು. ಮಗನ ಕಡೆ ತಿರುಗಿ, "ತೋಲ ಚಲೋ ಐತ್ರಿ, ಬಿಡ್ರಿ ಅವರನ್ನ" ಎಂದಳು.

ಕೊಪ್ಪರಿಗೆಯ ಕಟ್ಟೆ ಏರಿದೆ. ಕಾಲು ಅಲುಗಲಿಲ್ಲ. ನೊರೆ ಉಕ್ಕಿ ಬಂಗಾರದ ಬಣ್ಣಕ್ಕೆ ತಿರುಗುತ್ತಿತ್ತು. ಬಲಗೈ ತಣ್ಣೀರಲ್ಲಿ ಅದ್ದಿದೆ. ಅಲ್ಲಿಂದ ಅದು ಪಾಕದ ಕಡೆ ಹೋಗಲಿಲ್ಲ.

"ಲಗೂ ಮಾವಾ, ಹತ್ತತೈತಿ!"

"ನೀನ ನೋಡಪಾ" ಎಂದು ಇಳಿದೆ.

"ಡಾಕ್ಟರು ಹೂಂ ಅಂದ್ರಲ್ಲಪಾ, ಈಗೇನಾತು?" ರಾವಸಾಹೇಬ ತಲೆಯ ಟವೆಲ್ ತೆಗೆದು ನೆಲಕ್ಕೆ ಬಡಿದ.

ನಾನು ಕುರ್ಚಿಗೆ ಬಂದೆ. ರಾಯಬಾಗದ ಬಸ್ಸು ಹಿಡಿದು ಫಾತಿಮಾ ಹೋದಳು. ಕಡೆಯ ಪಾಕಕ್ಕೆ ಇನ್ನೂ ಬಹಳ ದಿನವಿತ್ತು.